ದರ ಬಂದ ವರ್ಷದ ಪ್ರಾರ್ಥನೆ

(ಮಾತೆ ಮರಿಯಮ್ಮನವರ ಜನನೋತ್ಸವ ಹಾಗೂ ತೆನೆ ಹಬ್ಬದ ಚಿಂತನೆ)



ಸೆಪ್ಟೆಂಬರ್ 8 ಬಂತೆಂದರೆ ನಮ್ಮ ಮನೆಗಳಲ್ಲಿ ಒಂದು ಬಗೆಯ ಸಡಗರ. ಒಂಬತ್ತು ದಿನಗಳ ನೊವೆನಾ ಮುಗಿದಿರುತ್ತದೆ. ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲ ಮರಿಯಮ್ಮನವರ ಪಾದಕ್ಕೆ ಅರ್ಪಿಸಿರುತ್ತಾರೆ. ಗುರುಗಳು ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುತ್ತದೆ. ಮನೆಯ ಹಿರಿಯರು ಅದರ ನಾಲ್ಕು ಕಾಳು ಸುಲಿದು, ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥನೆ ಹೇಳಿ ಎಲ್ಲರಿಗೂ ಹಂಚುತ್ತಾರೆ. ಆಮೇಲೆಯೇ ಹಬ್ಬದ ಊಟ.

ಈ ಹಬ್ಬದಲ್ಲಿ ನಾವು ಗಮನಿಸದೆ ಬಿಡುವ ಸಂಗತಿಯೊಂದಿದೆ. ಘಟ್ಟದ ಮೇಲಿನ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಆ ಹೊತ್ತಿಗೆ ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ಗದ್ದೆಯ ಕೊಯ್ಲಿಗೆ ದಿನವಿದೆ. ಅಡಿಕೆ ಮರದ ಮೇಲೆ ಹಸಿರಾಗಿಯೇ ತೂಗುತ್ತಿರುತ್ತದೆ. ಅಂದರೆ ಬೆಳೆ ಕಣಕ್ಕೆ ಬರುವ ಮೊದಲೇ, ಹಣ ಕೈ ಸೇರುವ ಮೊದಲೇ ನಾವು ದೇವರಿಗೆ ಕೃತಜ್ಞತೆ ಹೇಳಿಬಿಡುತ್ತೇವೆ. ಇದು ಬಹಳ ಒಳ್ಳೆಯದು. ಆದರೆ ಕೊನೆ ಕೊಯ್ದು, ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಸಾಗಿಸಿ, ಹಣ ಖಾತೆಗೆ ಬಂದು ಬಿದ್ದ ಮೇಲೆ ಆ ಕೃತಜ್ಞತೆ ಎಲ್ಲಿರುತ್ತದೆ? ಇಂದು ನಾವು ಧ್ಯಾನಿಸಬೇಕಾದ ಪ್ರಶ್ನೆ ಇದು.

ಕಷ್ಟಕ್ಕೆ ಮಾತ್ರ ದೇವರೇ?

'ಸಂಕಟ ಬಂದಾಗ ವೆಂಕಟರಮಣ' ಎಂಬ ಗಾದೆಯನ್ನು ನಮ್ಮ ನೆರೆಮನೆಯ ಹಿಂದೂ ಬಾಂಧವರು ತಮ್ಮನ್ನು ತಾವೇ ತಮಾಷೆ ಮಾಡಿಕೊಳ್ಳಲು ಹೇಳುತ್ತಾರೆ. ಆ ಗಾದೆ ನಮಗೂ ಸಲ್ಲುತ್ತದೆ. ಹೆಸರು ಮಾತ್ರ ಬೇರೆ.

2000ದ ಆಚೀಚೆ ಅಡಿಕೆ ದರ ಕುಸಿದ ವರ್ಷಗಳು ನಮ್ಮಲ್ಲಿ ಹಿರಿಯರಿಗೆ ನೆನಪಿವೆ. ನಮ್ಮಲ್ಲಿ ಎಲ್ಲರಿಗೂ ತೋಟವಿಲ್ಲ. ಗಾರೆ ಕೆಲಸದವರು, ಬಡಗಿಗಳು, ಚಾಲಕರು, ಹೊಲಿಗೆಯವರು, ಶಿಕ್ಷಕರು, ದಾದಿಯರು, ಸಣ್ಣ ಅಂಗಡಿಯವರು ಇದ್ದೇವೆ. ಆದರೂ ಅಡಿಕೆಗೆ ದರವಿಲ್ಲದಿದ್ದರೆ ಈ ಮೂರು ತಾಲೂಕುಗಳಲ್ಲಿ ಯಾರ ಕೈಯಲ್ಲೂ ಕಾಸು ಓಡಾಡುವುದಿಲ್ಲ. ಮನೆ ಕಟ್ಟುವವರು ಕಟ್ಟುವುದಿಲ್ಲ, ಬಟ್ಟೆ ಹೊಲಿಸುವವರು ಹೊಲಿಸುವುದಿಲ್ಲ. ಆ ದಿನಗಳಲ್ಲಿ ಸಂಜೆಯ ಜಪಸರ ಎಷ್ಟೋ ಮನೆಗಳಲ್ಲಿ ತಪ್ಪುತ್ತಿರಲಿಲ್ಲ. ಸಾಲ ತೀರಲಿ, ಮಗಳ ಮದುವೆಯಾಗಲಿ, ಮಗನಿಗೊಂದು ಕೆಲಸ ಸಿಗಲಿ ಎಂಬ ಕೋರಿಕೆಗಳೊಂದಿಗೆ ಮಂಡಿಯೂರುತ್ತಿದ್ದೆವು.

ದೇವರು ಕೇಳಿಸಿಕೊಂಡರು. ಕಾಲ ಬದಲಾಯಿತು. ಮಕ್ಕಳು ಓದಿದರು. ಕೆಲವರು ಬೆಂಗಳೂರಿಗೆ, ಗೋವಾಕ್ಕೆ, ಕೊಲ್ಲಿ ದೇಶಗಳಿಗೆ ಹೋಗಿ ದುಡಿದು ಮನೆಗೆ ಕಳುಹಿಸಿದರು. ಹೆಂಚಿನ ಮನೆಯ ಜಾಗದಲ್ಲಿ ತಾರಸಿ ಮನೆ ಎದ್ದಿತು. 2021ರಲ್ಲಿ ರಾಶಿ ಅಡಿಕೆಯ ದರ ಕ್ವಿಂಟಲಿಗೆ 50,000 ರೂಪಾಯಿಯ ಆಸುಪಾಸಿಗೆ ಬಂದಾಗ ಪೇಟೆಗೆ ಪೇಟೆಯೇ ನಕ್ಕಿತು. ಆದರೆ ಸಂಜೆಯ ಜಪಸರ? ಮೊದಲು ಐದು ರಹಸ್ಯದಿಂದ ಒಂದಕ್ಕೆ ಇಳಿಯಿತು, ಆಮೇಲೆ ಶನಿವಾರಕ್ಕೆ ಮಾತ್ರ ಉಳಿಯಿತು, ಆಮೇಲೆ ಅಕ್ಟೋಬರ್ ತಿಂಗಳಿಗೆ.

ಸಂತ ಲೂಕರ ಶುಭಸಂದೇಶದ 17ನೇ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳ ಪ್ರಸಂಗ ಬರುತ್ತದೆ. ರೋಗವಿದ್ದಾಗ ಹತ್ತೂ ಮಂದಿ ಒಂದೇ ಸ್ವರದಲ್ಲಿ ಕೂಗಿದರು. ಗುಣವಾದ ಮೇಲೆ ಮರಳಿ ಬಂದವನು ಒಬ್ಬ, ಅವನೂ ಸಮಾರಿಯದವನು. ಉಳಿದ ಒಂಬತ್ತು ಮಂದಿ ಕೆಟ್ಟವರೆಂದು ಶುಭಸಂದೇಶ ಹೇಳುವುದಿಲ್ಲ. ಅವರಿಗೆ ಬಹುಶಃ ಮನೆಗೆ ಹೋಗುವ ಆತುರವಿತ್ತು. ಹೆಂಡತಿ ಮಕ್ಕಳನ್ನು ನೋಡಬೇಕಿತ್ತು, ನಿಂತುಹೋದ ಕೆಲಸ ಮುಂದುವರಿಸಬೇಕಿತ್ತು. ನಮ್ಮ ಮರೆವೂ ಹೆಚ್ಚಾಗಿ ಹೀಗೆಯೇ. ನಾವು ದೇವರನ್ನು ತಿರಸ್ಕರಿಸುವುದಿಲ್ಲ, ನಮಗೆ ಪುರಸೊತ್ತಿರುವುದಿಲ್ಲ.

ಮೋಶೆ ಕೊಟ್ಟ ಎಚ್ಚರಿಕೆ

ಇಸ್ರಯೇಲರು ನಲವತ್ತು ವರ್ಷ ಮರುಭೂಮಿಯಲ್ಲಿ ಅಲೆದರು. ಹಸಿವು, ಬಾಯಾರಿಕೆ, ಹಾವು, ಚೇಳು ಎಲ್ಲವನ್ನೂ ಕಂಡರು. ಆ ಅಲೆದಾಟ ಮುಗಿದು, ವಾಗ್ದಾನದ ನಾಡು ಕಣ್ಣೆದುರಿಗೆ ಬಂದಾಗ ಮೋಶೆ ಅವರನ್ನು ಕೂಡಿಸಿ ಮಾತಾಡಿದ. ಧರ್ಮೋಪದೇಶಕಾಂಡದ 8ನೇ ಅಧ್ಯಾಯದಲ್ಲಿ ಆ ಮಾತುಗಳಿವೆ. ಇನ್ನು ಕಷ್ಟ ಮುಗಿಯಿತು, ನಿಶ್ಚಿಂತೆಯಿಂದಿರಿ ಎಂದು ಅವನು ಹೇಳಲಿಲ್ಲ. ನಿಜವಾದ ಪರೀಕ್ಷೆ ಇನ್ನು ಮುಂದೆ ಎಂದ. ಹೊಟ್ಟೆ ತುಂಬಿದಾಗ, ಒಳ್ಳೆಯ ಮನೆ ಕಟ್ಟಿಕೊಂಡಾಗ, ದನಕರು ಹೆಚ್ಚಿದಾಗ, ಬೆಳ್ಳಿಬಂಗಾರ ಕೂಡಿದಾಗ ನಿಮ್ಮ ಎದೆ ಉಬ್ಬೀತು. ಈ ಸಂಪತ್ತೆಲ್ಲ ನಮ್ಮ ತೋಳಿನ ಬಲದಿಂದ ಬಂತು ಎಂದುಕೊಂಡೀರಿ. ಆಗ ದೇವರನ್ನು ಮರೆಯಬೇಡಿ ಎಂಬುದು ಅವನ ಮಾತಿನ ಸಾರ.

ಅದೇ ಗ್ರಂಥದ 6ನೇ ಅಧ್ಯಾಯದಲ್ಲಿ ಅವನು ಮತ್ತೊಂದು ಮಾತನ್ನು ನೆನಪಿಸುತ್ತಾನೆ. ನೀವು ಕಟ್ಟದ ಊರು, ನೀವು ತೋಡದ ಬಾವಿ, ನೀವು ನೆಡದ ದ್ರಾಕ್ಷಿಯ ಬಳ್ಳಿ ಮತ್ತು ಎಣ್ಣೆಮರಗಳು ನಿಮಗೆ ಸಿಗುತ್ತವೆ ಎಂದು.

ನಮ್ಮ ಸೀಮೆಯ ತೋಟವನ್ನು ಬಲ್ಲವರಿಗೆ ಈ ಮಾತಿಗೆ ವ್ಯಾಖ್ಯಾನ ಬೇಡ. ಅಡಿಕೆ ಸಸಿ ನೆಟ್ಟರೆ ಫಸಲು ಕಾಣಲು ಐದಾರು ವರ್ಷ ಕಾಯಬೇಕು. ಇಂದು ನಾವು ಕೊಯ್ಯುವ ಕೊನೆ ಅಪ್ಪನೋ ಅಜ್ಜನೋ ನೆಟ್ಟ ಮರದ್ದು. ಹಳೆಯ ಮರ ಬಿದ್ದಲ್ಲಿ ಹೊಸ ಸಸಿ, ಹೀಗೆ ತೋಟಗಳು ತಲೆತಲಾಂತರದಿಂದ ಸಾಗಿ ಬಂದಿವೆ. 'ಶಿರಸಿ ಸುಪಾರಿ'ಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂತು. ಆ ರುಚಿಗೆ ಕಾರಣ ಈ ಮಣ್ಣು, ಈ ನೀರು, ಈ ಕಣಿವೆಯ ತಂಪು ಹಾಗೂ ಅದನ್ನು ಹದ ಮಾಡಲು ಕಲಿತ ತಲೆಮಾರುಗಳ ಕೈ. ಇವುಗಳಲ್ಲಿ ಯಾವುದನ್ನು ನಾವು ಒಬ್ಬರೇ ಉಂಟುಮಾಡಿದ್ದೇವೆ?

ಬೆಟ್ಟ ಯಾರದು?

ನಮ್ಮ ಮೂರು ತಾಲೂಕುಗಳ ತೋಟಿಗರಿಗೆ 'ಸೊಪ್ಪಿನ ಬೆಟ್ಟ' ಎಂಬ ಸೌಲಭ್ಯವಿದೆ. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬಳಸುವ ಹಕ್ಕನ್ನು ಹಿಂದಿನಿಂದಲೂ ಕೊಡಲಾಗಿದೆ. ಅಲ್ಲಿಂದ ಸೊಪ್ಪು, ದರಕು, ಹುಲ್ಲು, ಉರುವಲು ತರಬಹುದು. ಸೊಪ್ಪು ಕೊಟ್ಟಿಗೆಗೆ ಹಾಸಾಗಿ, ಗೊಬ್ಬರವಾಗಿ, ಮರದ ಬುಡಕ್ಕೆ ಸೇರುತ್ತದೆ. ಬೆಟ್ಟವಿಲ್ಲದೆ ತೋಟವಿಲ್ಲ. ಆದರೆ ಬೆಟ್ಟ ತೋಟಿಗನ ಸ್ವಂತದ ಆಸ್ತಿಯಲ್ಲ. ಅವನಿಗಿರುವುದು ಬಳಸಿ ಕಾಪಾಡುವ ಹಕ್ಕು ಮಾತ್ರ.

ಪ್ರಿಯರೇ, ಧರ್ಮಸಭೆ ಸಂಪತ್ತಿನ ಬಗ್ಗೆ ಕಲಿಸುವುದೂ ಇದನ್ನೇ. ಭೂಮಿಯ ಒಡೆತನ ದೇವರದು. ಅವರು ಸೃಷ್ಟಿಸಿದ ಸಂಪತ್ತು ಎಲ್ಲ ಮನುಷ್ಯರಿಗೂ ಸೇರಿದ್ದು. ನಮ್ಮ ಹೆಸರಿನ ಪಹಣಿ, ನಮ್ಮ ಹೆಸರಿನ ಠೇವಣಿ ಎಲ್ಲವೂ ಸೊಪ್ಪಿನ ಬೆಟ್ಟದಂತೆ. ಬಳಸಬಹುದು, ಬಳಸಲೇಬೇಕು. ಆದರೆ ಬರಿದು ಮಾಡಬಾರದು, ಬೇಲಿ ಹಾಕಿ ಮೆರೆಯಬಾರದು. ಬೆಟ್ಟವನ್ನು ಬೋಳಿಸಿದವನ ತೋಟಕ್ಕೆ ಬೇಸಿಗೆಯಲ್ಲಿ ನೀರು ಸಾಲದು ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಶಿರಸಿಯ ಹತ್ತಿರದ ಸೋಂದಾ ಒಂದು ಕಾಲಕ್ಕೆ ರಾಜಧಾನಿಯಾಗಿತ್ತು. ಅಲ್ಲಿನ ಕಾಳುಮೆಣಸಿಗಾಗಿ ಪೋರ್ಚುಗೀಸರು, ಇಂಗ್ಲಿಷರು ಕಾದು ನಿಲ್ಲುತ್ತಿದ್ದರು. 1763ರ ಸುಮಾರಿಗೆ ಹೈದರನ ಸೇನೆ ಬಂದಾಗ ಅರಸು ಗೋವೆಗೆ ಹೋಗಿ ಆಶ್ರಯ ಪಡೆಯಬೇಕಾಯಿತು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಆ ದಾರಿಯಾಗಿ ಬಂದಾಗ ಕಂಡದ್ದು ಹಾಳಾದ ಊರನ್ನು. ಸೋತವರ ಪಾಪವನ್ನು ಎಣಿಸಲು ಇದನ್ನು ಹೇಳುತ್ತಿಲ್ಲ; ತೀರ್ಪು ದೇವರಿಗೆ ಸೇರಿದ್ದು. ಸಂಪತ್ತು ಯಾರ ಮನೆಯಲ್ಲೂ ಕಾಯಂ ಬಿಡಾರ ಹೂಡುವುದಿಲ್ಲ ಎಂಬುದನ್ನು ನೆನಪಿಸಿಕೊಳ್ಳಲು ನಾವು ದೂರದ ಬಾಬಿಲೋನಿಗೆ ಹೋಗಬೇಕಾಗಿಲ್ಲ ಎಂದಷ್ಟೇ.

ಹಿಸ್ಸೆ ಕೇಳಿದವನಿಗೆ ಹೇಳಿದ ಕಥೆ

ಸಂತ ಲೂಕರ 12ನೇ ಅಧ್ಯಾಯದ ಮೂಢ ಧನಿಕನ ಸಾಮತಿ ನಮಗೆಲ್ಲ ಗೊತ್ತು. ಬೆಳೆ ಚೆನ್ನಾಗಿ ಬಂತು, ಇದ್ದ ಕಣಜ ಸಾಲದಾಯಿತು, ಕೆಡವಿ ದೊಡ್ಡದು ಕಟ್ಟಿಸಲು ಹೊರಟ, ಆ ರಾತ್ರಿಯೇ ಪ್ರಾಣ ಹೋಯಿತು. ಆದರೆ ಯೇಸುಸ್ವಾಮಿ ಈ ಸಾಮತಿಯನ್ನು ಯಾವ ಸಂದರ್ಭದಲ್ಲಿ ಹೇಳಿದರೆಂಬುದನ್ನು ನಾವು ಮರೆಯುತ್ತೇವೆ. ಗುಂಪಿನಲ್ಲಿದ್ದ ಒಬ್ಬ ಮನುಷ್ಯ ತನ್ನ ಅಣ್ಣನಿಂದ ಆಸ್ತಿಯ ಪಾಲು ಕೊಡಿಸಬೇಕೆಂದು ಸ್ವಾಮಿಯನ್ನು ಕೇಳಿಕೊಂಡಿದ್ದ. ನಮ್ಮ ಮಾತಿನಲ್ಲಿ ಹೇಳುವುದಾದರೆ ಹಿಸ್ಸೆಯ ತಕರಾರು!

ಅಡಿಕೆಗೆ ದರವಿಲ್ಲದಾಗ ಅಣ್ಣತಮ್ಮಂದಿರು ಒಂದೇ ಒಲೆಯಲ್ಲಿ ಉಣ್ಣುತ್ತಾರೆ. ದರ ಬಂದಾಗ, ರಸ್ತೆ ಬದಿಯ ಜಾಗಕ್ಕೆ ಬೆಲೆ ಬಂದಾಗ ಹಳೆಯ ಕಾಗದಗಳು ಪೆಟ್ಟಿಗೆಯಿಂದ ಹೊರಬರುತ್ತವೆ. ನ್ಯಾಯವಾದ ಪಾಲು ಕೇಳುವುದು ತಪ್ಪಲ್ಲ. ತವರಿನಲ್ಲಿ ಹೆಣ್ಣುಮಕ್ಕಳಿಗೆ ಸಲ್ಲಬೇಕಾದ ಪಾಲನ್ನು ಕೊಡದಿರುವುದು ತಪ್ಪು. ಆದರೆ ಹಿಸ್ಸೆಯ ಜೊತೆಗೆ ಮಾತೂ ನಿಂತುಹೋಗಿ, ಅಣ್ಣ ದೇವಾಲಯದ ಈ ಬದಿ, ತಮ್ಮ ಆ ಬದಿ ಕುಳಿತು, ಶಾಂತಿಯ ವಂದನೆಯ ಹೊತ್ತಿಗೆ ಇಬ್ಬರೂ ನೆಲ ನೋಡುವುದನ್ನು ನಾವು ಕಂಡಿದ್ದೇವೆ. ತಂದೆ ಬಿಟ್ಟುಹೋದ ತೋಟಕ್ಕಾಗಿ ತಂದೆ ಕಲಿಸಿದ ಪ್ರಾರ್ಥನೆಯನ್ನೇ ಕಳೆದುಕೊಂಡೆವಲ್ಲ!

ಆ ಧನಿಕನ ಮಾತನ್ನು ಮತ್ತೊಮ್ಮೆ ಓದಿ ನೋಡಿ. ಅದರಲ್ಲಿ ದೇವರಿಲ್ಲ, ಹೆಂಡತಿ ಮಕ್ಕಳಿಲ್ಲ, ಬೆಳೆ ಕೊಯ್ದ ಆಳುಗಳಿಲ್ಲ. 'ನಾನು', 'ನನ್ನ' ಎಂಬುದಷ್ಟೇ ಇದೆ. ಅವನು ಕಳ್ಳನಲ್ಲ, ಮೋಸಗಾರನಲ್ಲ. ಬೆಳೆ ಬಂದಾಗ ಅದನ್ನು ಎಲ್ಲಿಡಬೇಕು ಎಂದು ಕೇಳಿದ. ಯಾರಿಗೆ ಕೊಡಬೇಕು ಎಂದು ಕೇಳಲಿಲ್ಲ. ಅಷ್ಟೇ ಅವನ ತಪ್ಪು.

ನಮ್ಮಲ್ಲಿಯೂ ಅಡಿಕೆಯನ್ನು ದಾಸ್ತಾನು ಇಟ್ಟು ದರಕ್ಕಾಗಿ ಕಾಯುತ್ತಾರೆ. ಅದು ವ್ಯವಹಾರದ ಜಾಣತನ. ಆದರೆ ದಾನವನ್ನೂ ಪ್ರಾರ್ಥನೆಯನ್ನೂ ಹಾಗೆಯೇ ದಾಸ್ತಾನು ಇಡುತ್ತೇವೆ. ಇನ್ನೊಂದಿಷ್ಟು ದರ ಬರಲಿ, ಮನೆ ಕೆಲಸ ಮುಗಿಯಲಿ, ಮಗಳ ಓದು ಮುಗಿಯಲಿ, ಆಮೇಲೆ ಕೊಡೋಣ ಎನ್ನುತ್ತೇವೆ. 2021ನ್ನು ನೆನೆಯಿರಿ. ಅಡಿಕೆ ದರ ಏರಿದ ಅದೇ ವರ್ಷದ ಜುಲೈ ತಿಂಗಳಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿಯಿತು. ಫಲ ತುಂಬಿದ ತೋಟಗಳು ಮಣ್ಣುಪಾಲಾದವು. ಅದೇ ಮಳೆಗೆ ಗುಳ್ಳಾಪುರದ ಸೇತುವೆ ಗಂಗಾವಳಿಯಲ್ಲಿ ಕೊಚ್ಚಿಹೋಯಿತು. ಅಲ್ಲಿಯವರು ನಮಗಿಂತ ಪಾಪಿಗಳೆಂದು ತಿಳಿಯುವುದು ಯೇಸುಸ್ವಾಮಿಯೇ ಖಂಡಿಸಿದ ಯೋಚನೆ. ಸಿಲೊವಾಮಿನ ಗೋಪುರ ಬಿದ್ದು ಸತ್ತವರ ಬಗ್ಗೆ ಅವರು ಹೇಳಿದ್ದನ್ನು ಲೂಕರ 13ನೇ ಅಧ್ಯಾಯದಲ್ಲಿ ಓದಬಹುದು. ಪಾಠ ಉಳಿದವರಿಗೆ: 'ಆಮೇಲೆ' ಎಂಬುದು ನಮ್ಮ ಕೈಯಲ್ಲಿಲ್ಲ.

ಕೊಳೆ ಎಲ್ಲಿಂದ ಶುರುವಾಗುತ್ತದೆ?

ಅಡಿಕೆಗೆ ಬರುವ ಕೊಳೆ ರೋಗವನ್ನು ನೋಡಿ. ಮರ ಹಸಿರಾಗಿಯೇ ಇರುತ್ತದೆ. ಕಾಯಿಯ ತೊಟ್ಟಿನ ಬಳಿ ನೀರು ಹೀರಿದಂಥ ಕಲೆ ಮೂಡುತ್ತದೆ. ಅಂದರೆ ಕಾಯಿ ಎಲ್ಲಿ ಮರಕ್ಕೆ ಅಂಟಿಕೊಂಡಿದೆಯೋ ಅಲ್ಲಿಯೇ ಕೊಳೆ ಶುರು. ಕೆಲವೇ ದಿನಗಳಲ್ಲಿ ಕಾಯಿಗಳು ಉದುರಿ ಬುಡದಲ್ಲಿ ಹಾಸಿಬಿಡುತ್ತವೆ. ಕಾಯಿ ಬಿದ್ದ ಮೇಲೆ ಮದ್ದು ಹೊಡೆದರೆ ಪ್ರಯೋಜನವಿಲ್ಲ. ಆದುದರಿಂದಲೇ ಮಳೆ ಹಿಡಿಯುವ ಹೊತ್ತಿಗೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕಿ ಬೋರ್ಡೋ ದ್ರಾವಣ ಮಾಡಿ ಹೊಡೆಯುತ್ತಾರೆ. ನಲವತ್ತು ದಿನ ಬಿಟ್ಟು ಮತ್ತೊಮ್ಮೆ ಹೊಡೆಯುತ್ತಾರೆ. ಕೆಲವರು ಕೊನೆಗೆ ಕೊಟ್ಟೆ ಕಟ್ಟುತ್ತಾರೆ.

ವಿಶ್ವಾಸದ ಕೊಳೆಯೂ ತೊಟ್ಟಿನಿಂದಲೇ ಶುರುವಾಗುತ್ತದೆ. ಹೊರಗಿನಿಂದ ನೋಡಿದರೆ ಕುಟುಂಬ ಹಸಿರಾಗಿಯೇ ಇರುತ್ತದೆ. ಊರ ಹಬ್ಬಕ್ಕೆ ದೊಡ್ಡ ದೇಣಿಗೆ, ದೇವಾಲಯಕ್ಕೆ ಹೊಸ ದೀಪದ ಗೊಂಚಲು, ಮಗುವಿನ ಪ್ರಥಮ ಪರಮಪ್ರಸಾದಕ್ಕೆ ಮದುವೆಯಂಥ ಔತಣ. ಆದರೆ ಭಾನುವಾರದ ಬಲಿಪೂಜೆಗೆ ಬರಲು ಬಿಡುವಿಲ್ಲ, ಪಾಪನಿವೇದನೆ ಮಾಡಿ ವರ್ಷವಾಯಿತು, ಮನೆಯಲ್ಲಿ ಒಟ್ಟಿಗೆ ಕೂತು ಪ್ರಾರ್ಥಿಸಿದ್ದು ಯಾವಾಗಲೋ ನೆನಪಿಲ್ಲ. ದೇವರಿಗೆ ಕಾಣಿಕೆ ಕಳುಹಿಸಿ ನಾವು ಮನೆಯಲ್ಲುಳಿಯುತ್ತೇವೆ. ಆದರೆ ನಾವು ತಮ್ಮಲ್ಲಿ ನೆಲೆಸಬೇಕೆಂಬುದೇ ದ್ರಾಕ್ಷಾಬಳ್ಳಿಯಾದ ಪ್ರಭುವಿನ ಅಪೇಕ್ಷೆ.

ಸೊಲೊಮೋನ ಅರಸನ ಬಾಳು ನಮಗೆ ಎಚ್ಚರಿಕೆಯಾಗಿದೆ. ಯುವಕನಾಗಿದ್ದಾಗ ಧನವನ್ನಲ್ಲ, ವಿವೇಕವನ್ನು ಬೇಡಿಕೊಂಡವನು ಅವನು. ದೇವಾಲಯ ಕಟ್ಟಿಸಿದವನೂ ಅವನೇ. ಅವನ ಹೃದಯವನ್ನು ದೇವರಿಂದ ತಿರುಗಿಸಿದ್ದು ಯುದ್ಧವಲ್ಲ, ಬರಗಾಲವಲ್ಲ, ಸುಖದ ಅರಮನೆ. ದೇವಾಲಯ ಕಟ್ಟಿಸಿದವನೂ ದೇವರನ್ನು ಮರೆಯಬಹುದಾದರೆ ನಾವು ಎಷ್ಟರವರು?

ಹಾಗಾದರೆ ಸಿರಿತನ ಪಾಪವೇ?

ಅಲ್ಲ. ಅಬ್ರಹಾಮ ಮಂದೆಗಳ ಒಡೆಯನಾಗಿದ್ದ. ಯೋಬ ತನ್ನ ನಾಡಿನಲ್ಲೇ ದೊಡ್ಡ ಸಿರಿವಂತ. ಅರಿಮತ್ತಾಯದ ಜೋಸೆಫ ತನ್ನ ಹೊಸ ಸಮಾಧಿಯನ್ನು ಪ್ರಭುವಿಗೆ ಬಿಟ್ಟುಕೊಟ್ಟ. ಬೆಲೆಬಾಳುವ ವಸ್ತ್ರ ಮಾರುತ್ತಿದ್ದ ಲಿಡಿಯಳ ಮನೆ ಸಂತ ಪೌಲರಿಗೆ ತಂಗುದಾಣವಾಯಿತು. ಜಕ್ಕಾಯ ಮರದಿಂದ ಇಳಿದು ಅರ್ಧ ಆಸ್ತಿಯನ್ನು ಬಡವರಿಗೆ ಕೊಡಲು ಒಪ್ಪಿದ. ಇವರೆಲ್ಲರ ಬಾಗಿಲು ತೆರೆದಿತ್ತು. ಬಾಗಿಲು ಮುಚ್ಚಿಕೊಂಡವನು, ತನ್ನ ಹೊಸ್ತಿಲಲ್ಲೇ ಬಿದ್ದಿದ್ದ ಲಾಜರನನ್ನು ಕಾಣದ ಧನಿಕನೊಬ್ಬನೇ.

ನಮ್ಮ ಕರಾವಳಿ ನಾಡಿನಲ್ಲಿ ನಡೆದಾಡಿದ ಸಂತ ಜೋಸೆಫ್ ವಾಜ್ ಅವರನ್ನೂ ನೆನೆಯೋಣ. 1651ರಲ್ಲಿ ಗೋವೆಯ ಬೆನಾಲಿಯಲ್ಲಿ ಹುಟ್ಟಿದ ಅವರು 1677ರಲ್ಲಿ ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಬರೆದುಕೊಟ್ಟರು. 1681ರಿಂದ ಕೆಲವು ವರ್ಷ ಕೆನರಾದಲ್ಲಿ ಕುರುಬನಿಲ್ಲದ ಕುರಿಗಳಂತಿದ್ದ ಕ್ರೈಸ್ತರ ಸೇವೆ ಮಾಡಿದರು. ಆಮೇಲೆ ಕೂಲಿಯವನ ವೇಷದಲ್ಲಿ ಶ್ರೀಲಂಕಾಕ್ಕೆ ಹೋಗಿ, ಅಲ್ಲಿ ಸಿಡುಬಿನ ರೋಗಿಗಳನ್ನು ಕೈಯಾರೆ ಆರೈಕೆ ಮಾಡಿ, 1711ರಲ್ಲಿ ಕಣ್ಣು ಮುಚ್ಚಿದರು. ವಿದ್ಯೆ, ಕುಲ, ಸುಖ ಎಲ್ಲವೂ ಇದ್ದವರು ದೇವರನ್ನು ಮರೆಯದಿದ್ದರೆ ಏನಾಗಬಹುದೆಂಬುದಕ್ಕೆ ಅವರು ಸಾಕ್ಷಿ. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. 2025ರ ಅಕ್ಟೋಬರಿನಲ್ಲಿ ಪೋಪ್ ಹದಿನಾಲ್ಕನೇ ಲಿಯೋ ಹೊರಡಿಸಿದ ಪ್ರೇಷಿತ ಪ್ರಬೋಧನೆಯ ವಿಷಯವೂ ಬಡವರ ಮೇಲಿನ ಪ್ರೀತಿಯೇ ಆಗಿದೆ.

ನಾವು ಏನು ಮಾಡಬಹುದು?

ಮೊದಲನೆಯದು, ಪ್ರಥಮ ಫಲ. ಧರ್ಮೋಪದೇಶಕಾಂಡದ 26ನೇ ಅಧ್ಯಾಯದಂತೆ ಇಸ್ರಯೇಲನು ಬೆಳೆಯ ಮೊದಲ ಪಾಲನ್ನು ಬುಟ್ಟಿಯಲ್ಲಿ ತಂದು ಒಪ್ಪಿಸಬೇಕಿತ್ತು. ತಂದು ಇಟ್ಟರೆ ಸಾಲದು, ತನ್ನ ಹಿರಿಯರು ನೆಲೆಯಿಲ್ಲದೆ ಅಲೆದದ್ದನ್ನೂ, ದಾಸರಾಗಿದ್ದದ್ದನ್ನೂ, ದೇವರು ಬಿಡಿಸಿದ್ದನ್ನೂ ಬಾಯಿಬಿಟ್ಟು ಹೇಳಬೇಕಿತ್ತು. ನಾವೂ ತೆನೆ ಹಬ್ಬದ ಊಟಕ್ಕೆ ಮೊದಲು ಮನೆಯ ಕಥೆಯನ್ನು ಮಕ್ಕಳಿಗೆ ಹೇಳೋಣ. ಅಜ್ಜ ಯಾರ ತೋಟದಲ್ಲಿ ಕೂಲಿ ಮಾಡಿದರು, ಅಜ್ಜಿ ಎಷ್ಟು ಮೈಲಿ ನಡೆದು ಪೂಜೆಗೆ ಬರುತ್ತಿದ್ದರು, ಯಾವ ನೆರೆಯವರು ಅಕ್ಕಿ ಕೊಟ್ಟು ಕಾಪಾಡಿದರು ಎಂಬುದು ಮಕ್ಕಳಿಗೆ ಗೊತ್ತಿರಲಿ. ಬಡತನವನ್ನು ಮುಚ್ಚಿಟ್ಟ ಮನೆಯ ಮಕ್ಕಳಿಗೆ ಎಲ್ಲವೂ ತಮ್ಮ ಹಕ್ಕೆಂದೇ ತೋರುತ್ತದೆ.

ಎರಡನೆಯದು, ಕೂಲಿ. ಸಂತ ಯಕೋಬರು ತಮ್ಮ ಪತ್ರದಲ್ಲಿ ಕೊಯ್ಲಿನವರ ತಡೆಹಿಡಿದ ಕೂಲಿ ದೇವರಿಗೆ ಮೊರೆಯಿಡುತ್ತದೆ ಎನ್ನುತ್ತಾರೆ. ಮಳೆಯಲ್ಲಿ ಜಾರುವ ಮರವೇರಿ ಮದ್ದು ಹೊಡೆಯುವವರು, ಮರದಿಂದ ಮರಕ್ಕೆ ದಾಟಿ ಕೊನೆ ಇಳಿಸುವ ಕೊನೆಗೌಡರು, ರಾತ್ರಿಯೆಲ್ಲ ಕೂತು ಅಡಿಕೆ ಸುಲಿಯುವ ಹೆಂಗಸರು ಇಲ್ಲದೆ ಯಾವ ದರವೂ ಕೈಗೆ ಬರುವುದಿಲ್ಲ. ದರ ಏರಿದಾಗ ಅವರ ಕೂಲಿಯೂ ಏರಿತೇ? ಮರದಿಂದ ಬಿದ್ದವನ ಮನೆಗೆ ನಾವು ಎಷ್ಟು ಸಲ ಹೋದೆವು?

ಮೂರನೆಯದು, ನೆರೆಯವರು. ಯಲ್ಲಾಪುರ, ಹಳಿಯಾಳ ಸೀಮೆಯ ಸಿದ್ದಿ ಬಾಂಧವರಲ್ಲಿ ಅನೇಕರು ನಮ್ಮದೇ ವಿಶ್ವಾಸದವರು. ಅವರ ಪೂರ್ವಿಕರನ್ನು ಆಫ್ರಿಕದಿಂದ ದಾಸರನ್ನಾಗಿ ತರಲಾಯಿತು. ದಾಸತ್ವದಿಂದ ತಪ್ಪಿಸಿಕೊಂಡವರು ಈ ಕಾಡಿನಲ್ಲಿ ಬದುಕು ಕಟ್ಟಿದರು. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಒಂದೇ ಪರಮಪ್ರಸಾದ ಸ್ವೀಕರಿಸುವ ನಾವು ಅವರ ಮಕ್ಕಳ ಓದಿಗೆ, ಔಷಧಿಗೆ ಏನು ಮಾಡಿದ್ದೇವೆ? ಅವರ ಮನೆಯ ಮದುವೆಗೆ ಹೋಗಿ ಉಂಡು ಬಂದಿದ್ದೇವೆಯೇ?

ನಾಲ್ಕನೆಯದು, ತೊಟ್ಟಿನ ಆರೈಕೆ. ಭಾನುವಾರದ ಬಲಿಪೂಜೆ, ತಿಂಗಳ ಪಾಪನಿವೇದನೆ, ಸಂಜೆಯ ಕುಟುಂಬ ಪ್ರಾರ್ಥನೆ. ಎಲ್ಲವೂ ಚೆನ್ನಾಗಿರುವಾಗಲೇ ಇವನ್ನು ಹಿಡಿದುಕೊಳ್ಳಬೇಕು. ರೋಗ ಬಂದ ಮೇಲೆ ದೇವರು ಕೈಬಿಡುತ್ತಾರೆಂದಲ್ಲ. ಅವರು ಎಂದೂ ಕೈಬಿಡುವುದಿಲ್ಲ. ಬಿಟ್ಟಿರುವುದು ನಮ್ಮ ಕೈ.

ಜ್ಞಾನೋಕ್ತಿಗಳ 30ನೇ ಅಧ್ಯಾಯದಲ್ಲಿ ಆಗೂರನೆಂಬ ಜ್ಞಾನಿಯ ಪ್ರಾರ್ಥನೆಯಿದೆ. ಬಡತನವೂ ಬೇಡ, ಸಿರಿತನವೂ ಬೇಡ, ನನ್ನ ಪಾಲಿನ ಅನ್ನ ಸಾಕು ಎಂದು ಅವನು ಬೇಡುತ್ತಾನೆ. ಬಡವನಾದರೆ ಕದ್ದೇನು, ಸಿರಿವಂತನಾದರೆ ದೇವರು ಯಾರೆಂದೇನು ಎಂಬ ಹೆದರಿಕೆ ಅವನದು. ನಮ್ಮಲ್ಲಿ ಎಷ್ಟು ಮಂದಿಗೆ ಆ ಎರಡನೆಯ ಹೆದರಿಕೆಯಿದೆ?

ಇಂದು ಹುಟ್ಟುಹಬ್ಬ ಆಚರಿಸಿಕೊಳ್ಳುತ್ತಿರುವ ಮಾತೆ ನಜರೇತಿನ ಬಡ ಮನೆಯವರು. ದೇವರು ಹಸಿದವರನ್ನು ತಣಿಸುವರು, ಸಿರಿವಂತರನ್ನು ಬರಿಗೈಯಲ್ಲಿ ಕಳುಹಿಸುವರು ಎಂದು ಅವರು ಹಾಡಿದರು. ಬರಿಗೈಯಾದವರಿಗೆ ಇನ್ನೊಂದು ಅವಕಾಶವಿದೆ: ಬರಿಗೈಯನ್ನೇ ಮತ್ತೆ ದೇವರ ಮುಂದೆ ಚಾಚಬಹುದು. ಈ ವರ್ಷ ತೆನೆ ಕಟ್ಟುವಾಗ ಒಂದು ತೆನೆಯನ್ನು ತೆಗೆದು ದೇವರ ಪೀಠದ ಬಳಿ ಇಟ್ಟುಕೊಳ್ಳೋಣ. ಅಡಿಕೆಯ ಹಣವೋ, ಸಂಬಳದ ಬಾಕಿಯೋ, ಮಗ ಕಳುಹಿಸಿದ ಹಣವೋ ಕೈಗೆ ಬಂದ ದಿನ ಮನೆಮಂದಿಯೆಲ್ಲ ಆ ಒಣಗಿದ ತೆನೆಯ ಮುಂದೆ ಮಂಡಿಯೂರೋಣ.

ಪ್ರಾರ್ಥಿಸೋಣ: ಪ್ರಭುವೇ, ನಮಗೆ ಕಷ್ಟ ಬಂದಾಗ ನಿಮ್ಮನ್ನು ಕರೆಯಲು ಕಲಿತಿದ್ದೇವೆ. ಸುಖ ಬಂದಾಗಲೂ ಕರೆಯಲು ಕಲಿಸಿರಿ. ನೀವು ಕೊಟ್ಟದ್ದನ್ನು ನಮ್ಮದೆಂದುಕೊಂಡು ನಿಮ್ಮನ್ನು ಮರೆಯದಂತೆ, ನಮ್ಮ ಬಾಗಿಲಲ್ಲಿ ನಿಂತವರನ್ನು ಕಾಣದೆ ಹೋಗದಂತೆ ನಮ್ಮನ್ನು ಕಾಪಾಡಿರಿ. ಮಾತೆ ಮರಿಯಮ್ಮನವರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.